ಮಂಗಳವಾರದ ಮಾಮೂಲು: ಐತಿಹಾಸಿಕ ಪತ್ತೇದಾರಿ ರೋಲ್‌ಪ್ಲೇ ಆಟಕ್ಕೆ ಭ್ರಷ್ಟ ಪೊಲೀಸರನ್ನು ಕಟ್ಟುವುದು ಹೇಗೆ

ರೋಲ್‌ಪ್ಲೇ ಆಟದಲ್ಲಿ ಆಟಗಾರರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಕಥೆಯನ್ನೂ ಉಳಿದ ಪಾತ್ರಗಳನ್ನೂ ಗೇಮ್ ಮಾಸ್ಟರ್ ನೋಡಿಕೊಳ್ಳುತ್ತಾರೆ, ಪ್ರಯತ್ನ ಫಲಿಸಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ನಾನು ಗೇಮ್ ಮಾಸ್ಟರ್ ಆಗಿ ನಡೆಸಿದ ಮೊದಲ ಪತ್ತೇದಾರಿ ಆಟದಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಇದ್ದ. ದಪ್ಪ ಮೀಸೆ, ಬಾಯಲ್ಲಿ ಚುರುಟು, ಮಾತೆತ್ತಿದರೆ ಬೆದರಿಕೆ. ಲಂಚ ತಿನ್ನುತ್ತಾನೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಯಾರಿಂದ, ಎಷ್ಟು, ಯಾತಕ್ಕೆ ಅಂತ ಒಂದೂ ಬರೆದಿರಲಿಲ್ಲ. ಆಟಗಾರರು ಹತ್ತೇ ನಿಮಿಷದಲ್ಲಿ ಅವನ ಬಣ್ಣ ಕಂಡುಹಿಡಿದರು. "ಇವನು ಕಳ್ಳ, ಇವನ ಹತ್ರ ಹೋಗೋದೇ ಬೇಡ" ಅಂದರು. ಅಲ್ಲಿಗೆ ಠಾಣೆಯ ಬಾಗಿಲು ಮುಚ್ಚಿತು. ಶವಪರೀಕ್ಷೆಯ ವರದಿ, ಸಾಕ್ಷಿಗಳ ಹೇಳಿಕೆ, ವಶಪಡಿಸಿಕೊಂಡ ಚಾಕು ಎಲ್ಲವೂ ಬಾಗಿಲಿನ ಆಚೆಯೇ ಉಳಿದವು. ಮೂರನೇ ಗಂಟೆಗೆ ಆಟ ಗುಂಡಿನ ಚಕಮಕಿಯಲ್ಲಿ ಮುಗಿಯಿತು. ಕೊಲೆ ಮಾಡಿದ್ದು ಯಾರು ಅಂತ ಕೇಳೋದಕ್ಕೆ ಯಾರಿಗೂ ನೆನಪಾಗಲಿಲ್ಲ.

ತಪ್ಪು ನನ್ನದೇ. ನಾನು ಒಬ್ಬ ಕೆಟ್ಟ ಮನುಷ್ಯನನ್ನು ಬರೆದಿದ್ದೆ, ಅಷ್ಟೇ. ಬರೆಯಬೇಕಾಗಿದ್ದು ಒಂದು ವ್ಯಾಪಾರವನ್ನು. ಅದರಲ್ಲಿ ಕೊಡುವವರು ಇರುತ್ತಾರೆ, ತೆಗೆದುಕೊಳ್ಳುವವರು ಇರುತ್ತಾರೆ. ದರ ಇರುತ್ತದೆ, ವಾರದ ದಿನ ಇರುತ್ತದೆ. ಹಾಗೆ ಬರೆದಾಗ ಪೊಲೀಸರ ಭ್ರಷ್ಟಾಚಾರ ಆಟಗಾರರ ದಾರಿಗೆ ಅಡ್ಡ ಬರೋದಿಲ್ಲ, ಅದೇ ಒಂದು ದಾರಿಯಾಗುತ್ತದೆ. ಈಗ ನಾನು ಅದನ್ನು ಹೇಗೆ ಕಟ್ಟುತ್ತೇನೆ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಇಸವಿ ಹಿಡಿಯಿರಿ

"ಹಳೇ ಕಾಲದ ಲಂಡನ್" ಅಂದರೆ ಸಾಲದು. ಪೊಲೀಸರು ಹೇಗೆ ಕೆಡುತ್ತಾರೆ ಅನ್ನೋದು ಅವರಿಗೆ ಹಣ ಎಲ್ಲಿಂದ ಬರುತ್ತದೆ ಅನ್ನೋದರ ಮೇಲೆ ನಿಂತಿದೆ. ಅದು ಕಾಲದಿಂದ ಕಾಲಕ್ಕೆ ಬೇರೆ.

1720ರ ದಶಕದ ಲಂಡನ್ನಿನಲ್ಲಿ ಇವತ್ತಿನ ಅರ್ಥದ ಪೊಲೀಸರೇ ಇರಲಿಲ್ಲ. ದರೋಡೆಕೋರನನ್ನು ಹಿಡಿದು ಶಿಕ್ಷೆ ಕೊಡಿಸಿದವರಿಗೆ ಸರ್ಕಾರ 40 ಪೌಂಡ್ ಬಹುಮಾನ ಕೊಡುತ್ತಿತ್ತು. ಹಾಗಾಗಿ ಕಳ್ಳರನ್ನು ಹಿಡಿಯೋದೇ ಕೆಲವರಿಗೆ ಕಸುಬಾಯಿತು. ಅವರಲ್ಲಿ ಹೆಸರುವಾಸಿ ಜೊನಾಥನ್ ವೈಲ್ಡ್. ಕಳ್ಳರ ಗುಂಪುಗಳನ್ನು ಸಾಕಿದವನೂ ಅವನೇ, ಕದ್ದ ಮಾಲನ್ನು ಹಣ ಪಡೆದು ಮಾಲೀಕರಿಗೆ ವಾಪಸ್ ಕೊಡಿಸಿದವನೂ ಅವನೇ. ಮಾತು ಕೇಳದ ಕಳ್ಳರನ್ನು ನೇಣಿಗೆ ಕಳಿಸಿ ಬಹುಮಾನ ಎಣಿಸಿಕೊಂಡವನೂ ಅವನೇ. 1725ರಲ್ಲಿ ಅವನನ್ನೇ ಗಲ್ಲಿಗೇರಿಸಿದರು. ಈ ಕಾಲದಲ್ಲಿ ಆಟ ನಡೆಸುವುದಾದರೆ ಲಂಚಕ್ಕಿಂತ ಬಹುಮಾನವೇ ದೊಡ್ಡ ವಿಷ. ನಿಮ್ಮ ಕಥೆಯ ನಿರಪರಾಧಿಯನ್ನು ಯಾರೋ 40 ಪೌಂಡಿನ ಆಸೆಗೆ ಹಿಡಿದುಕೊಟ್ಟಿರುತ್ತಾರೆ.

ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಶುರುವಾಗಿದ್ದು 1829ರಲ್ಲಿ. ಪೇದೆಗೆ ವಾರಕ್ಕೆ ಸುಮಾರು 21 ಶಿಲ್ಲಿಂಗ್ ಸಂಬಳ. 1842ರಲ್ಲಿ ಪತ್ತೇದಾರಿ ವಿಭಾಗ ಹುಟ್ಟಿತು. 35 ವರ್ಷ ಆಗುವಷ್ಟರಲ್ಲಿ ಅದೇ ವಿಭಾಗದ ಅಧಿಕಾರಿಗಳು ಕಟಕಟೆಯಲ್ಲಿ ನಿಂತಿದ್ದರು. 1877ರ ಆ ಮೊಕದ್ದಮೆಯ ವಿಷಯ ಮುಂದೆ ಹೇಳುತ್ತೇನೆ.

ನ್ಯೂಯಾರ್ಕ್ ಬೇಕು ಅನ್ನುವವರಿಗೆ 1894 ಒಳ್ಳೆಯ ವರ್ಷ. ಪೊಲೀಸರ ಭ್ರಷ್ಟಾಚಾರದ ತನಿಖೆಗೆ ಕೂತಿದ್ದ ಲೆಕ್ಸೋ ಸಮಿತಿಯ ಮುಂದೆ ಒಬ್ಬ ಪೊಲೀಸ್ ಕ್ಯಾಪ್ಟನ್ ತನ್ನ ಹುದ್ದೆಗೆ 15,000 ಡಾಲರ್ ಕೊಟ್ಟಿದ್ದಾಗಿ ಒಪ್ಪಿಕೊಂಡ. ಹಲವು ವರ್ಷದ ಸಂಬಳ ಅದು! ಅಷ್ಟು ಸಾಲ ಮಾಡಿ ಕುರ್ಚಿ ಹಿಡಿದವನು ಸುಮ್ನೆ ಕೂರೋದಿಲ್ಲ ಅಲ್ವಾ? ಅಮೆರಿಕದಲ್ಲೇ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಆ ಕಾಲವನ್ನು ಎಲ್ಲರೂ ಆಡಿಸುತ್ತಾರೆ, ನಾನು ಹೆಚ್ಚು ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ: ಸಿಯಾಟಲ್‌ನ ಪೊಲೀಸ್ ಲೆಫ್ಟಿನೆಂಟ್ ರಾಯ್ ಓಲ್ಮ್‌ಸ್ಟೆಡ್ 1920ರಲ್ಲಿ ಕಳ್ಳಸಾಗಣೆಯ ಮದ್ಯದ ಜೊತೆ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ. ಆಮೇಲೆ ಅದನ್ನೇ ಪೂರ್ತಿ ಸಮಯದ ವ್ಯಾಪಾರ ಮಾಡಿಕೊಂಡ.

ಉದಾಹರಣೆಗೆ ನಾನು 1928ರ ಲಂಡನ್ನಿನ ಸೋಹೋ, ಅಂದರೆ ನೈಟ್‌ಕ್ಲಬ್‌ಗಳ ಬಡಾವಣೆ ಹಿಡಿಯುತ್ತೇನೆ. ಕಾರಣ ಇದೆ. ಮೊದಲ ಮಹಾಯುದ್ಧದ ನಂತರ ಅಲ್ಲಿ ರಾತ್ರಿ ಒಂದು ಹೊತ್ತಿನ ಮೇಲೆ ಮದ್ಯ ಮಾರುವಂತಿರಲಿಲ್ಲ. ಕುಡಿಯುವವರಿಗೆ ಮಾತ್ರ ಆಗಲೇ ಬಾಯಾರಿಕೆ ಜಾಸ್ತಿ. ಇಂಥ ಕಾನೂನು ಇರುವ ಕಡೆ ಮಾಮೂಲು ತಾನಾಗಿಯೇ ಮೊಳೆಯುತ್ತದೆ.

ಹೆಜ್ಜೆ 2: ಪೊಲೀಸ್ ಏನು ಮಾರುತ್ತಿದ್ದಾನೆ?

ಲಂಚ ಅಂದರೆ ಹಣ ಅಂತ ಎಲ್ಲರೂ ಬರೆಯುತ್ತಾರೆ. ಹಣಕ್ಕೆ ಬದಲು ಏನು ಸಿಕ್ಕಿತು ಅನ್ನೋದನ್ನು ಬರೆಯಿರಿ. ಕೆಲವರು ನೋಡದೇ ಇರೋದನ್ನು ಮಾರುತ್ತಾರೆ. ಕೆಲವರು ಸುದ್ದಿ ಮಾರುತ್ತಾರೆ, "ನಾಳೆ ರಾತ್ರಿ ದಾಳಿ ಇದೆ" ಅನ್ನೋ ಒಂದು ಸಾಲು. ಕಡತದ ಒಂದು ಹಾಳೆ ಕಾಣೆಯಾಗೋದಕ್ಕೂ ದರ ಇದೆ. ಬೇರೆ ಯಾರನ್ನೋ ಹಿಡಿದು ಒಳಗೆ ಹಾಕೋದಕ್ಕೆ ದರ ಇನ್ನೂ ಹೆಚ್ಚು.

ಒಬ್ಬ ಪಾತ್ರಕ್ಕೆ ಒಂದೇ ಸರಕು ಸಾಕು. ಸುದ್ದಿ ಮಾರುವವನು ಕೊಲೆ ಮುಚ್ಚಿಹಾಕುವವನಾಗಿ ಇರಬೇಕಾಗಿಲ್ಲ. ಇದರಿಂದ ಆಟಗಾರರಿಗೆ ಗೊಂದಲವಾಗುತ್ತದೆ. ಆ ಗೊಂದಲವೇ ನಮಗೆ ಬೇಕಾಗಿರೋದು.

ಅವನು ಯಾಕೆ ಮಾರುತ್ತಿದ್ದಾನೆ ಅನ್ನೋದಕ್ಕೂ ಒಂದು ಸಾಲು ಬರೆಯಿರಿ. ದುರಾಸೆ ಅಂತ ಮಾತ್ರ ಬರೆಯಬೇಡಿ, ಸಪ್ಪೆ. 1877ರ ಮೊಕದ್ದಮೆಯ ಆರೋಪಿಗಳಲ್ಲಿ ಚೀಫ್ ಇನ್‌ಸ್ಪೆಕ್ಟರ್ ನಥಾನಿಯಲ್ ಡ್ರಸ್ಕೊವಿಚ್ ಒಬ್ಬ. ಹಲವು ಭಾಷೆ ಬಲ್ಲವನು, ವಿದೇಶದ ಕೇಸುಗಳಿಗೆಲ್ಲ ಅವನೇ ಬೇಕು. ಸೋದರನ ಸಾಲಕ್ಕೆ ಜಾಮೀನು ನಿಂತು 60 ಪೌಂಡಿಗೆ ಪರದಾಡುತ್ತಿದ್ದ. ಅವನ ಜೊತೆಯ ಇನ್‌ಸ್ಪೆಕ್ಟರ್ ಜಾನ್ ಮೈಕಲ್‌ಜಾನ್ ಆಗಲೇ ಕುದುರೆ ಜೂಜಿನ ವಂಚಕರ ಕೈಯಲ್ಲಿದ್ದ. "ನನಗೆ ಗೊತ್ತಿರೋ ಒಬ್ಬರಿದ್ದಾರೆ, ಸಾಲ ಕೊಡ್ತಾರೆ" ಅಂತ ಪರಿಚಯ ಮಾಡಿಸಿದ. ಆ ಸಾಲ ಕೊಟ್ಟವನು ವಿಲಿಯಂ ಕರ್, ಅಂದರೆ ವಂಚಕರಲ್ಲೇ ಒಬ್ಬ. ನೋಡಿ, ಇಲ್ಲಿ ಯಾರೂ ಲಂಚ ಅನ್ನೋ ಪದವನ್ನೇ ಬಳಸಬೇಕಾಗಿಲ್ಲ. ಕಷ್ಟಕ್ಕೆ ಸಿಕ್ಕ ಕೈಗಡ, ಅಷ್ಟೇ. ಇಂಥ ಪೊಲೀಸನನ್ನು ಆಟಗಾರರ ಮುಂದೆ ಕೂರಿಸಿದರೆ ಅವರಿಗೆ ಸಿಟ್ಟಿನ ಜೊತೆ ಅಯ್ಯೋ ಪಾಪ ಅನ್ನಿಸುತ್ತದೆ.

ಹೆಜ್ಜೆ 3: ಅರ್ಧ ಹಾಳೆಯ ಲೆಕ್ಕದ ಚೀಟಿ

ಅರ್ಧ ಹಾಳೆ ತೆಗೆದುಕೊಳ್ಳಿ. ಕೊಡುವವರು, ತೆಗೆದುಕೊಳ್ಳುವವರು, ಎಷ್ಟು, ಯಾತಕ್ಕೆ, ಯಾವ ದಿನ, ಹೇಗೆ. ಇಷ್ಟೇ ಅಂಕಣ.

ನನ್ನ ಸೋಹೋ ಆಟದ ಚೀಟಿ ಹೀಗಿತ್ತು. ಕ್ಲಬ್ಬಿನ ಒಡತಿ ವಾರಕ್ಕೆ 5 ಪೌಂಡ್ ಕೊಡುತ್ತಾಳೆ. ತೆಗೆದುಕೊಳ್ಳುವವನು ಠಾಣೆಯ ಸಾರ್ಜೆಂಟ್. ದಾಳಿಯ ಸುದ್ದಿ ಒಂದು ದಿನ ಮೊದಲೇ ಸಿಗಬೇಕು. ಮಂಗಳವಾರ, ತಂಬಾಕಿನ ಅಂಗಡಿಯಲ್ಲಿ ಮಡಿಸಿಟ್ಟ ಪತ್ರಿಕೆಯೊಳಗೆ. ಅದರಲ್ಲಿ ಸಾರ್ಜೆಂಟ್ ಇಬ್ಬರು ಗಸ್ತಿನ ಪೇದೆಗಳಿಗೆ 10 ಶಿಲ್ಲಿಂಗ್‌ನಂತೆ ಹಂಚುತ್ತಾನೆ. ಮೇಲಿನ ಇನ್‌ಸ್ಪೆಕ್ಟರ್‌ಗೆ ಒಂದು ಕಾಸೂ ಹೋಗೋದಿಲ್ಲ. ಅವನಿಗೆ ಅನುಮಾನ ಇದೆ, ಕೇಳೋ ಧೈರ್ಯ ಇಲ್ಲ.

ದರ ಹಾಕುವಾಗ ಸಂಬಳ ಪಕ್ಕದಲ್ಲಿಟ್ಟುಕೊಳ್ಳಿ. ಆಗ 1 ಪೌಂಡ್ ಅಂದರೆ 20 ಶಿಲ್ಲಿಂಗ್, 1 ಶಿಲ್ಲಿಂಗ್ ಅಂದರೆ 12 ಪೆನ್ಸ್. ಲಂಡನ್ ಪೊಲೀಸರು 1918ರಲ್ಲಿ ಮುಷ್ಕರ ಹೂಡಿದ ಮೇಲೆ ಒಂದು ಸಮಿತಿ ಕೂತು, 1919ರಲ್ಲಿ ಹೊಸ ಪೇದೆಗೆ ವಾರಕ್ಕೆ 70 ಶಿಲ್ಲಿಂಗ್ ಅಂತ ಮಾಡಿತು. ಹಾಗಾದರೆ 10 ಶಿಲ್ಲಿಂಗ್ ಅಂದರೆ ಒಂದು ದಿನದ ದುಡಿಮೆ, ಕೆಲಸ ಮಾಡದೆ. ಆಟಗಾರ "ನಾನು ಪೇದೆಗೆ 50 ಪೌಂಡ್ ಕೊಡ್ತೀನಿ" ಅಂದರೆ ಪೇದೆ ಹೆದರಿ ಓಡಬೇಕು. ಅಷ್ಟು ದೊಡ್ಡ ಮೊತ್ತ ಅವನ ಕಣ್ಣಿಗೆ ಬಲೆಯ ಹಾಗೆ ಕಾಣುತ್ತದೆ.

ಹೆಜ್ಜೆ 4: ಲಂಚ ಬೇರೆ, ಕೊಲೆ ಬೇರೆ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಓದುತ್ತೀರಿ ಅಂದರೆ ಇದನ್ನು ಓದಿ.

ಹೊಸಬರು ಬರೆಯುವ ಕಥೆಯಲ್ಲಿ ಕೊಲೆಗಾರ ಪೊಲೀಸರಿಗೆ ಹಣ ಕೊಟ್ಟು ಕೊಲೆ ಮುಚ್ಚಿಹಾಕಿಸುತ್ತಾನೆ. ಆಗ ಪೊಲೀಸನನ್ನು ಹಿಡಿದರೆ ಕೊಲೆಗಾರ ಸಿಕ್ಕಿದ ಹಾಗೆಯೇ. ಒಂದೇ ದಾರ, ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಪತ್ತೇದಾರಿಕೆ ಎಲ್ಲಿ ಉಳಿಯಿತು?

ಪೊಲೀಸ್ ಬಚ್ಚಿಡುವುದು ತನ್ನ ಮಾಮೂಲನ್ನು. ಕೊಲೆಯ ಬಗ್ಗೆ ಅವನಿಗೂ ಗೊತ್ತಿರಬಾರದು. ಆದರೆ ಮಾಮೂಲನ್ನು ಮುಚ್ಚಲು ಅವನು ಹೇಳಿದ ಸುಳ್ಳು ಕೊಲೆಗಾರನಿಗೆ ಅಪ್ಪಿತಪ್ಪಿ ನೆರವಾಗಬೇಕು.

ನನ್ನ ಕಥೆ ಹೀಗೆ. ಕ್ಲಬ್ಬಿನ ಪಿಯಾನೋ ನುಡಿಸುವವನ ಶವ ಹಿಂದಿನ ಓಣಿಯಲ್ಲಿ ಬೆಳಗಿನ ಜಾವ 3 ಗಂಟೆಗೆ ಸಿಗುತ್ತದೆ. ಆ ಕಾಲದ ಪೇದೆಗಳಿಗೆ ಗಸ್ತಿನ ದಾರಿ ಗೊತ್ತುಮಾಡಿಕೊಟ್ಟಿರುತ್ತಿದ್ದರು, ಗೊತ್ತಾದ ಜಾಗಗಳಲ್ಲಿ ಸಾರ್ಜೆಂಟ್ ಬಂದು ನೋಡಿ ಹೋಗುತ್ತಿದ್ದ. ನಮ್ಮ ಪೇದೆಯ ಪುಸ್ತಕದಲ್ಲಿ "1.30, ಹಿಂದಿನ ಓಣಿ, ಎಲ್ಲ ಸರಿ ಇದೆ" ಅಂತ ಇದೆ. ಅಂದರೆ ಕೊಲೆ ಆಗಿದ್ದು 1.30ರ ನಂತರ. ಆ ಹೊತ್ತಿಗೆ ಕ್ಲಬ್ಬಿನ ಪಾಲುದಾರ ಆರು ಜನರ ಜೊತೆ ಇಸ್ಪೀಟ್ ಆಡುತ್ತಿದ್ದ. ಗಟ್ಟಿ ಸಾಕ್ಷಿ. ಅವನನ್ನು ಯಾರೂ ಅನುಮಾನಿಸೋದಿಲ್ಲ.

ನಿಜ ಏನಂದರೆ ಪೇದೆ ಓಣಿಗೆ ಹೋಗಲೇ ಇಲ್ಲ. ಮಳೆ ಬರುತ್ತಿತ್ತು. ಅವನು ಕ್ಲಬ್ಬಿನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಬಿಸಿ ಸೂಪ್ ಕುಡಿಯುತ್ತಿದ್ದ. ಮಾಮೂಲಿನ ಜೊತೆ ಅದೂ ಬರುತ್ತಿತ್ತು. ಗಸ್ತು ತಿರುಗಿದ ಹಾಗೆ ಸುಮ್ನೆ ಬರೆದುಕೊಂಡ. ಪಿಯಾನೋ ನುಡಿಸುವವನು 12.45ಕ್ಕೇ ಸತ್ತಿದ್ದ. ಪಾಲುದಾರ ಆಮೇಲೆ ಬಂದು ಇಸ್ಪೀಟಿಗೆ ಕೂತ.

ಪೇದೆ ಈಗ ನಿಜ ಹೇಳಿದರೆ ಕೆಲಸ ಹೋಗುತ್ತದೆ, ಪಿಂಚಣಿ ಹೋಗುತ್ತದೆ, ಸಾರ್ಜೆಂಟ್‌ನ ಚೀಟಿ ಪೂರ್ತಿ ಬಯಲಾಗುತ್ತದೆ. ಅವನು ಕೊಲೆಗಾರನನ್ನು ಕಾಪಾಡುತ್ತಿಲ್ಲ. ತನ್ನ ಸೂಪನ್ನು ಕಾಪಾಡಿಕೊಳ್ಳುತ್ತಿದ್ದಾನೆ. ಬೇಲಿಯೇ ಹೊಲ ಮೇಯ್ದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಬೇಲಿ ಮೇಯುತ್ತಿದ್ದಾಗ ಹಿಂದಿನಿಂದ ಇನ್ನೇನೋ ಹೊಲಕ್ಕೆ ನುಗ್ಗಿದೆ.

ಈ ಉಪಾಯದಿಂದ ಆಟದಲ್ಲಿ ಏನಾಗುತ್ತದೆ ನೋಡಿ. ಆಟಗಾರರು ಮೊದಲು ಕ್ಲಬ್ಬಿನ ಒಡತಿಯನ್ನು ಅನುಮಾನಿಸುತ್ತಾರೆ, ಲಂಚ ಕೊಟ್ಟವಳು ಅವಳೇ ಅಲ್ವಾ. ಆಮೇಲೆ ಸಾರ್ಜೆಂಟ್‌ನನ್ನು. ಎರಡೂ ತಪ್ಪು, ಆದರೆ ಎರಡು ದಾರಿಯಲ್ಲೂ ಅಡುಗೆಮನೆ ಎದುರಾಗುತ್ತದೆ. ಸಮಯ ಸುಳ್ಳು ಅಂತ ಗೊತ್ತಾದ ಕ್ಷಣ ಒಬ್ಬ ಆಟಗಾರ್ತಿ ಕುರ್ಚಿಯಿಂದ ಎದ್ದು ನಿಂತು, "ಹಾಗಾದ್ರೆ ಎಲ್ಲರ ಹೇಳಿಕೆಯನ್ನೂ ಮತ್ತೆ ಮೊದಲಿಂದ ನೋಡ್ಬೇಕು" ಅಂದಳು. ಆ ಮಾತು ಕೇಳೋದಕ್ಕೇ ನಾನು ಆಟ ನಡೆಸುತ್ತೇನೆ.

ಹೆಜ್ಜೆ 5: ಸುಳಿವು ಚೆಲ್ಲಿ

ಮುಖ್ಯವಾದ ಒಂದು ಸತ್ಯಕ್ಕೆ ಕಡಿಮೆ ಅಂದರೂ ಮೂರು ದಾರಿ ಇಡಿ. ಒಂದನ್ನು ಆಟಗಾರರು ಗಮನಿಸೋದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ, ಮೂರನೆಯದು ಕೈಹಿಡಿಯುತ್ತದೆ. ನನ್ನ ಕಥೆಯಲ್ಲಿ ಮಳೆ ಶುರುವಾಗಿದ್ದು 1 ಗಂಟೆಗೆ. ಶವದ ಕೋಟಿನ ಬೆನ್ನು ಒದ್ದೆಯಾಗಿರಲಿಲ್ಲ ಅಂತ ವೈದ್ಯರ ಟಿಪ್ಪಣಿಯಲ್ಲಿದೆ, ಅಂದರೆ ಅವನು ಬಿದ್ದಿದ್ದು ಮಳೆಗೆ ಮೊದಲು. ಪೇದೆಯ ಪುಸ್ತಕದಲ್ಲಿ ಆ ರಾತ್ರಿಯ ಪುಟದ ಮೇಲೆ ಒಂದು ಹನಿಯ ಗುರುತೂ ಇಲ್ಲ, ಹಿಂದಿನ ಮಳೆಯ ದಿನಗಳ ಪುಟದಲ್ಲೆಲ್ಲ ಶಾಯಿ ಹರಡಿದೆ. ಅಡುಗೆಮನೆಯ ಹುಡುಗಿಗೆ ಪೇದೆಯ ಹೆಸರು ಗೊತ್ತು, ಅವನಿಗೆ ಸೂಪಿನಲ್ಲಿ ಮೆಣಸು ಜಾಸ್ತಿ ಬೇಕು ಅನ್ನೋದೂ ಗೊತ್ತು.

ಲಂಚದ ಸುಳಿವಿಗೆ ನಿಜವಾದ ಪ್ರಕರಣಗಳಿಂದಲೇ ಕದಿಯಿರಿ. ಸೋಹೋದ ನೈಟ್‌ಕ್ಲಬ್‌ಗಳ ಮೇಲೆ ಕಣ್ಣಿಡಬೇಕಾಗಿದ್ದ ಸಾರ್ಜೆಂಟ್ ಜಾರ್ಜ್ ಗೊಡಾರ್ಡ್‌ಗೆ ವಾರಕ್ಕೆ ಆರೇಳು ಪೌಂಡ್ ಸಂಬಳ. 1928ರಲ್ಲಿ ತನಿಖೆ ನಡೆದಾಗ ಅವನ ಬಳಿ ಸ್ವಂತ ಮನೆ, ಕಾರು, ಬಾಡಿಗೆ ಲಾಕರ್‌ನಲ್ಲಿ ಸುಮಾರು 12,000 ಪೌಂಡ್ ನೋಟು ಇತ್ತು. ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಕುದುರೆ ರೇಸು, ಸಂಗೀತ ಪ್ರಕಟಣೆಯ ವ್ಯಾಪಾರ, ವೆಂಬ್ಲಿಯ ವಸ್ತುಪ್ರದರ್ಶನದಲ್ಲಿ ಮಿಠಾಯಿ ಮಾರಾಟ ಅಂದ! ನಾನು ಕಥೆಯಲ್ಲಿ ಬರೆದಿದ್ದರೆ ನೀವೇ ನಂಬುತ್ತಿರಲಿಲ್ಲ. ಅವನನ್ನು ಕೆಡವಿದ್ದು ನೋಟಿನ ನಂಬರ್. ಕೆಲವು ನೋಟುಗಳ ಜಾಡು ಕ್ಲಬ್ ನಡೆಸುತ್ತಿದ್ದ ಕೇಟ್ ಮೇರಿಕ್ ಮತ್ತು ಇನ್ನೊಬ್ಬ ಮಾಲೀಕನವರೆಗೆ ಹೋಯಿತು. ಬ್ಯಾಂಕಿನ ಗುಮಾಸ್ತ, ನೋಟಿನ ನಂಬರ್ ಬರೆದಿಟ್ಟ ಪುಸ್ತಕ, ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೇ?

ಅದೇ ಪ್ರಕರಣದಲ್ಲಿ ಇನ್ನೊಂದು ರತ್ನ ಇದೆ. ಹಲವು ವರ್ಷ ಮೊದಲೇ ಇನ್ನೊಬ್ಬ ಸಾರ್ಜೆಂಟ್ ಗೊಡಾರ್ಡ್ ಮೇಲೆ ದೂರು ಹೇಳಿದ್ದ. ಯಾರೂ ನಂಬಲಿಲ್ಲ, ಕೆಲಸ ಹೋಗಿದ್ದು ದೂರು ಕೊಟ್ಟವನದೇ. ನಿಮ್ಮ ಆಟದಲ್ಲೂ ಇಂಥವನು ಒಬ್ಬ ಇರಲಿ. ಈಗ ಯಾವುದೋ ಗೋದಾಮಿನಲ್ಲಿ ರಾತ್ರಿ ಕಾವಲು ಕಾಯುತ್ತಿದ್ದಾನೆ. ಅವನಿಗೆ ಎಲ್ಲ ಗೊತ್ತು, ಆದರೆ ಆ ಸಿಟ್ಟಿನಲ್ಲಿ ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳುತ್ತಾನೆ.

1877ರ ಪ್ರಕರಣದಿಂದ ಟೆಲಿಗ್ರಾಂ ತೆಗೆದುಕೊಳ್ಳಿ. ವಂಚಕರು ರಾಟರ್‌ಡ್ಯಾಮ್‌ನಲ್ಲಿ ಸಿಕ್ಕಿಬಿದ್ದಾಗ ಅವರನ್ನು ಬಿಟ್ಟುಬಿಡಿ ಅಂತ ಸ್ಕಾಟ್ಲೆಂಡ್ ಯಾರ್ಡ್ ಹೆಸರಿನಲ್ಲಿ ಸುಳ್ಳು ತಂತಿ ಹೋಗಿತ್ತು.

ಹೆಜ್ಜೆ 6: ಕೈ ಬೆಚ್ಚಗೆ ಮಾಡುವ ದೃಶ್ಯ

ಆಟಗಾರ "ನಾನು ಅವನಿಗೆ ಲಂಚ ಕೊಡ್ತೀನಿ" ಅಂದ ಕೂಡಲೇ ದಾಳ ಉರುಳಿಸಬೇಡಿ. ಆಡಿಸಿ. ಲಂಚ ಕೇಳುವವರು ಹಣದ ಮಾತೇ ಎತ್ತೋದಿಲ್ಲ.

"ಚಳಿ ಜೋರಾಗಿದೆ ಅಲ್ವಾ?"

"ಕಾಲು ಮರಗಟ್ಟಿದೆ ಸರ್. ಈ ಬೂಟು ಬೇರೆ ತೂತು."

"ಹೊಸ ಬೂಟಿಗೆ ಈಗ ಎಷ್ಟಾಗುತ್ತೆ?"

"ಅಯ್ಯೋ ಬಿಡಿ ಸರ್, ನಮ್ಮಂಥೋರಿಗೆ ಎಲ್ಲಿ ಹೊಸ ಬೂಟು."

ಇಷ್ಟಾದ ಮೇಲೆ ದಾಳ. ಅದೂ ಅವನು ಒಪ್ಪುತ್ತಾನೋ ಇಲ್ಲವೋ ಅಂತ ನೋಡೋದಕ್ಕಲ್ಲ, ಬೆಲೆ ಎಷ್ಟು ಅಂತ ನೋಡೋದಕ್ಕೆ. ದಾಳ ಚೆನ್ನಾಗಿ ಬಿದ್ದರೆ ಹೇಳಿದ್ದೇ ದರ. ಕೆಟ್ಟದಾಗಿ ಬಿದ್ದರೆ ಅವನು ಹಣ ತೆಗೆದುಕೊಳ್ಳುತ್ತಾನೆ, ಕಡತವನ್ನೂ ತೋರಿಸುತ್ತಾನೆ, ಆಮೇಲೆ ನೇರ ಸಾರ್ಜೆಂಟ್ ಹತ್ತಿರ ಹೋಗಿ "ಯಾರೋ ಬಂದು ಕೇಳಿದ್ರು" ಅನ್ನುತ್ತಾನೆ. ಸುಳಿವು ಸಿಕ್ಕೇ ಸಿಗುತ್ತದೆ, ಜೊತೆಗೆ ತೊಂದರೆಯೂ.

ಹಣ ಕೈ ಬದಲಾದ ಕೂಡಲೇ ನಿಮ್ಮ ಚೀಟಿಯಲ್ಲಿ ಹೊಸ ಸಾಲು ಬರೆಯಿರಿ. ಕೊಡುವವರು: ಆಟಗಾರರು. ಈಗ ಅವರೂ ಗಿರಾಕಿಗಳು. ಮುಂದಿನ ಸೆಷನ್‌ನಲ್ಲಿ ಪೇದೆ ತಾನಾಗಿಯೇ ಬಂದು ಬಾಗಿಲು ತಟ್ಟುತ್ತಾನೆ. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲ ಇದನ್ನೇ ಎತ್ತುತ್ತಾನೆ. ನಾನು ಇದನ್ನು ಶಿಕ್ಷೆಯ ಹಾಗೆ ಬಳಸೋದಿಲ್ಲ, ಆದರೆ ಮರೆಯೋದೂ ಇಲ್ಲ.

ಹೆಜ್ಜೆ 7: ಪ್ರಾಮಾಣಿಕರಿಗೂ ಜಾಗ ಇರಲಿ

ಠಾಣೆಯಲ್ಲಿ ಕನಿಷ್ಠ ಒಬ್ಬರಾದರೂ ಮಾಮೂಲು ಮುಟ್ಟದವರು ಬೇಕು. ಅವರು ಒಳ್ಳೆಯವರಾಗಿಯೇ ಇರಬೇಕೆಂದಿಲ್ಲ. ನನ್ನ ಆಟದ ಅತಿ ಪ್ರಾಮಾಣಿಕ ಅಧಿಕಾರಿ ಎಲ್ಲರ ತಲೆ ತಿನ್ನುವ ಒರಟ. ನಿಯಮ ಬಿಟ್ಟು ಒಂದು ಹಾಳೆ ತೋರಿಸೋದಿಲ್ಲ. ಆಟಗಾರರಿಗೆ ಭ್ರಷ್ಟ ಸಾರ್ಜೆಂಟೇ ಎಷ್ಟೋ ವಾಸಿ ಅನ್ನಿಸಿತ್ತು.

ದೂರು ಎಲ್ಲಿ ಕೊಡಬಹುದು ಅಂತಲೂ ಬರೆದಿಟ್ಟುಕೊಳ್ಳಿ. ಆ ಕಾಲದಲ್ಲಿ ಮೆಟ್ರೊಪಾಲಿಟನ್ ಪೊಲೀಸ್ ಕಮಿಷನರ್ ಗೃಹ ಸಚಿವರಿಗೆ ಉತ್ತರ ಹೇಳಬೇಕಿತ್ತು. ಪಾರ್ಲಿಮೆಂಟ್ ಸದಸ್ಯರು ಪ್ರಶ್ನೆ ಎತ್ತಬಹುದು, ಪತ್ರಿಕೆಗಳಿವೆ. ಲಂಡನ್ನಿಗೆ ಇನ್ನೊಂದು ಸೊಗಸಾದ ಅನುಕೂಲ ಇದೆ. ನಗರದ ನಡುವಿನ ಹಳೆಯ ಒಂದು ಚದರ ಮೈಲಿಗೆ ಸಿಟಿ ಆಫ್ ಲಂಡನ್ ಪೊಲೀಸ್ ಅಂತ ಬೇರೆಯೇ ಪಡೆ, ಬೇರೆಯೇ ಕಮಿಷನರ್. ಸಾಕ್ಷಿಯೊಬ್ಬ ಬೀದಿ ದಾಟಿ ಆ ಕಡೆ ಹೋದರೆ ನಮ್ಮ ಸಾರ್ಜೆಂಟ್‌ನ ಮಾಮೂಲಿಗೆ ಅಲ್ಲಿ ಬೆಲೆ ಇಲ್ಲ.

ಹೆಜ್ಜೆ 8: ಆಟಕ್ಕೆ ಮೊದಲು ಕೇಳಿ

ಇದು ಚಿಕ್ಕ ಹೆಜ್ಜೆ, ಬಿಡಬೇಡಿ. ಹೊಡೆದು ಬಾಯಿಬಿಡಿಸೋದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಅಮೆರಿಕದಲ್ಲಿ ವಿಕರ್‌ಶ್ಯಾಮ್ ಆಯೋಗ 1931ರಲ್ಲಿ ಅದರ ಬಗ್ಗೆಯೇ ವರದಿ ಕೊಟ್ಟಿತು. ಆದರೆ ನಿಮ್ಮ ಮೇಜಿನ ಸುತ್ತ ಕೂತವರಲ್ಲಿ ಯಾರಿಗಾದರೂ ಪೊಲೀಸರಿಂದ ನಿಜವಾಗಿ ನೋವಾಗಿರಬಹುದು. "ಲಾಕಪ್ಪಿನ ದೃಶ್ಯ ತೋರಿಸಲಾ, ಬಾಗಿಲು ಮುಚ್ಚಿತು ಅಂತ ಹೇಳಿ ಮುಂದೆ ಹೋಗಲಾ?" ಅಂತ ಮೊದಲೇ ಕೇಳಿ. ನಾನು ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತೇನೆ.

ಹೆಜ್ಜೆ 9: ಬೆಲೆ ಯಾರು ತೆತ್ತರು?

ಕೊಲೆಗಾರ ಸಿಕ್ಕ ಮೇಲೆ ಚೀಟಿ ಏನಾಯಿತು ಅಂತ ಹೇಳಬೇಕು. ಇತಿಹಾಸದಲ್ಲಿ ಎಲ್ಲ ಬಗೆಯ ಮುಕ್ತಾಯವೂ ಇದೆ. 1877ರಲ್ಲಿ ಜೈಲಿನಲ್ಲಿದ್ದ ವಂಚಕರೇ ಕೋರ್ಟಿಗೆ ಬಂದು ಪತ್ತೇದಾರರ ಮೇಲೆ ಸಾಕ್ಷಿ ಹೇಳಿದರು. ಮೂವರು ಅಧಿಕಾರಿಗಳಿಗೆ 2 ವರ್ಷ ಕಠಿಣ ಶಿಕ್ಷೆಯಾಯಿತು, ಒಬ್ಬ ಖುಲಾಸೆಯಾದ. ಮರುವರ್ಷ ವಿಭಾಗವನ್ನೇ ಹೊಸದಾಗಿ ಕಟ್ಟಿದರು. ಗೊಡಾರ್ಡ್‌ಗೆ 18 ತಿಂಗಳು. ನ್ಯೂಯಾರ್ಕ್‌ನಲ್ಲಿ ಲೆಫ್ಟಿನೆಂಟ್ ಚಾರ್ಲ್ಸ್ ಬೆಕರ್ ತನ್ನ ವಸೂಲಿಯ ವಿಷಯ ಪತ್ರಿಕೆಗೆ ಹೇಳಿದ ಜೂಜುಕೋರನನ್ನು 1912ರಲ್ಲಿ ಕೊಲ್ಲಿಸಿದ ಅಂತ ತೀರ್ಪಾಯಿತು. 1915ರಲ್ಲಿ ಅವನನ್ನು ವಿದ್ಯುತ್ ಕುರ್ಚಿಗೆ ಕಳಿಸಿದರು. ಅವನೇ ಹೇಳಿ ಮಾಡಿಸಿದ್ದಾ ಅನ್ನೋ ವಾದ ಇನ್ನೂ ಮುಗಿದಿಲ್ಲ.

ನನ್ನ ಸೋಹೋ ಆಟದಲ್ಲಿ ಆಟಗಾರರು ಪೇದೆಯನ್ನು ಹಿಡಿದುಕೊಟ್ಟರು, ಸಾರ್ಜೆಂಟ್‌ನನ್ನು ಹಿಡಿಯಲಾಗಲಿಲ್ಲ. ಅವನನ್ನು ಬೇರೆ ಠಾಣೆಗೆ ವರ್ಗ ಮಾಡಿದರು. ಕೊನೆಯ ದೃಶ್ಯದಲ್ಲಿ ಕ್ಲಬ್ ಮತ್ತೆ ತೆರೆದಿತ್ತು, ಹೊಸಬನೊಬ್ಬ ಪಿಯಾನೋ ನುಡಿಸುತ್ತಿದ್ದ. ನಾನು ಚೀಟಿ ತೆಗೆದು "ತೆಗೆದುಕೊಳ್ಳುವವರು" ಅಂಕಣದಲ್ಲಿದ್ದ ಸಾರ್ಜೆಂಟ್‌ನ ಹೆಸರನ್ನು ಎಲ್ಲರ ಎದುರೇ ರಬ್ಬರಿನಿಂದ ಅಳಿಸಿದೆ. ದಿನದ ಅಂಕಣ ಮುಟ್ಟಲಿಲ್ಲ. ಅಲ್ಲಿ ಇನ್ನೂ ಮಂಗಳವಾರ ಅಂತಲೇ ಇತ್ತು.